ಪಾಲ್, ಹಾಲು, ಆಲು: ಚೆನ್ನೈನಲ್ಲಿ ಕಾಕ್ಲಿಯರ್ ಇಂಪ್ಲಾಂಟ್‌ನ ಕಥೆ

ಸಾಮಾನ್ಯವಾಗಿ ನಾನಿಲ್ಲಿ ಶಾಸನ, ಕೋಟೆ, ಹಳೇ ಮದರಾಸು ಅಂತ ಮಾತಾಡೋನು. ಈ ಸಲ ನಮ್ಮ ಮನೆಯ ಸ್ಟೀಲ್ ಬೀರುವಿನಿಂದ ಶುರು ಮಾಡ್ತೀನಿ. ನನ್ನ ಮಗಳು ಆ ಬೀರುವಿಗೆ ತಲೆ ಒರಗಿಸಿದರೆ ಅವಳ ಕಿವಿ ಹಿಂದಿರೋ ಗುಂಡನೆಯ ಬಿಲ್ಲೆ ಟಕ್ ಅಂತ ಬಾಗಿಲಿಗೆ ಅಂಟಿಕೊಳ್ಳುತ್ತೆ. ಅದರಲ್ಲಿ ಆಯಸ್ಕಾಂತ ಇದೆ. ಬಿಲ್ಲೆ ತಲೆ ಬಿಟ್ಟು ಬೀರುವಿಗೆ ಹೋದ ಕ್ಷಣ ಅವಳಿಗೆ ಏನೂ ಕೇಳಿಸಲ್ಲ. ಕಿತ್ತು ತಲೆಗೆ ಇಟ್ಟುಕೊಂಡರೆ ಮತ್ತೆ ಕುಕ್ಕರ್ ಕೂಗು, ಫ್ಯಾನ್ ಸದ್ದು, ನನ್ನ ಬೈಗುಳ ಎಲ್ಲ ವಾಪಸ್. ಕೆಲವು ಸಲ ಬೈಗುಳ ಶುರುವಾಗೋ ಹೊತ್ತಿಗೆ ಸರಿಯಾಗಿ ಬೀರು ಪಕ್ಕ ಹೋಗಿ ನಿಲ್ಲುತ್ತಾಳೆ, ಅದು ಬೇರೆ ವಿಷಯ.

ಅವಳದು ಹುಟ್ಟಿನಿಂದಲೇ ಕೇಳದ ಕಿವಿ. 2018ರ ದೀಪಾವಳಿ ಬೆಳಗ್ಗೆ ಇಡೀ ಮೇಡವಾಕ್ಕಂ ಪಟಾಕಿಗೆ ನಡುಗುತ್ತಿದ್ದಾಗ ಇವಳು ಕಿಟಕಿ ಪಕ್ಕದ ತೊಟ್ಟಿಲಲ್ಲಿ ಅಲುಗಾಡದೆ ಮಲಗಿದ್ದಳು. ಎಷ್ಟು ಒಳ್ಳೆ ಮಗು ಅಂತ ಅಂದುಕೊಂಡೆವು. ಆಮೇಲೆ ಬೇರಾ ಪರೀಕ್ಷೆ, ಕೆಲವು ತಿಂಗಳು ಹಿಯರಿಂಗ್ ಏಡ್, ಅದರಿಂದ ಪ್ರಯೋಜನವಿಲ್ಲ ಅಂತ ಖಾತ್ರಿಯಾದ ಮೇಲೆ 2019ರ ಸೆಪ್ಟೆಂಬರ್‌ನಲ್ಲಿ ಆಪರೇಷನ್. ಆಗ ಅವಳಿಗೆ ಎರಡು ವರ್ಷ, ಎರಡು ತಿಂಗಳು.

ಇದು ಏನು ಯಂತ್ರ, ಎಲ್ಲಿಂದ ಬಂತು ಅಂತ ಸ್ವಲ್ಪ ಹಿಂದಕ್ಕೆ ಹೋಗೋಣ. ಬ್ಯಾಟರಿ ಕಂಡುಹಿಡಿದ ವೋಲ್ಟಾ ತನ್ನ ಎರಡೂ ಕಿವಿಗೆ ಲೋಹದ ಕಡ್ಡಿ ತುರುಕಿ ಕರೆಂಟ್ ಹರಿಸಿಕೊಂಡ. ತಲೆಯೊಳಗೆ ಏಟು ಬಿದ್ದಂತಾಗಿ, ಏನೋ ಗಟ್ಟಿ ಪದಾರ್ಥ ಕುದಿಯೋ ಹಾಗೆ ಸದ್ದು ಕೇಳಿಸಿತು ಅಂತ 1800ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ನಮ್ಮ ಕಡೆಯವರಿಗೆ ಅರ್ಥವಾಗೋ ಹಾಗೆ ಹೇಳಬೇಕಂದರೆ, ಮುದ್ದೆ ಹಿಟ್ಟು ಕೊತಕೊತ ಅನ್ನೋ ಸದ್ದು. ಅಪಾಯ ಅಂತ ಆತ ಮತ್ತೆ ಆ ಸಾಹಸ ಮಾಡಲಿಲ್ಲ. ಆದರೆ ಒಂದು ವಿಷಯ ಗೊತ್ತಾಗಿತ್ತು: ಕಿವಿಗೆ ಸದ್ದು ಬೀಳದೆ ಬರೀ ವಿದ್ಯುತ್ತಿನಿಂದಲೂ 'ಕೇಳಿಸಬಹುದು'.

1957ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಜೂರ್ನೊ ಮತ್ತು ಏರಿಯೆ ಅನ್ನೋ ಇಬ್ಬರು ಒಬ್ಬ ರೋಗಿಯ ಕಿವಿ ನರದ ಹತ್ತಿರ ಸುರುಳಿ ಇಟ್ಟರು. ಮಾತಿನ ಲಯ ಸಿಕ್ಕಿತು, ಮಾತು ಸಿಗಲಿಲ್ಲ. 1961ರಲ್ಲಿ ಲಾಸ್ ಏಂಜಲೀಸ್‌ನ ವಿಲಿಯಂ ಹೌಸ್ ಮುಂದುವರಿಸಿದರು. ಒಂದೇ ತಂತಿ. 1977ರ ಡಿಸೆಂಬರ್‌ನಲ್ಲಿ ವಿಯೆನ್ನಾದಲ್ಲಿ ಹೋಖ್‌ಮೈರ್ ದಂಪತಿ ಹಲವು ತಂತಿಯ ಸಾಧನ ಮಾಡಿದರು. ಅದೇ ಸಮಯಕ್ಕೆ ಮೆಲ್ಬರ್ನ್‌ನಲ್ಲಿ ಗ್ರೇಮ್ ಕ್ಲಾರ್ಕ್.

ಕ್ಲಾರ್ಕ್ ಕಥೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಅವರ ತಂದೆ ಔಷಧಿ ಅಂಗಡಿಯವರು, ಕಿವಿ ಕೇಳ್ತಿರಲಿಲ್ಲ. ಗಿರಾಕಿಗಳು ಗುಟ್ಟಾಗಿ ಕೇಳಬೇಕಾದ ಔಷಧಿಯನ್ನೂ ಕೂಗಿ ಕೇಳಬೇಕಾಗ್ತಿತ್ತು, ಹುಡುಗ ಅದನ್ನು ನೋಡ್ತಾ ಬೆಳೆದ. ದೊಡ್ಡವನಾಗಿ ಕಿವಿ ಡಾಕ್ಟರಾದ. ಶಂಖದ ಹಾಗೆ ಸುತ್ತಿಕೊಂಡಿರೋ ಒಳಕಿವಿಯೊಳಗೆ ತಂತಿ ಕಟ್ಟಿನ ಎಳೆಯನ್ನು ಹಾನಿಯಾಗದಂತೆ ತೂರಿಸೋದು ಹೇಗೆ ಅಂತ ಹೊಳೆಯದೆ, 1977ರಲ್ಲಿ ರಜೆಗೆ ಕಿಯಾಮಾ ಅನ್ನೋ ಕಡಲತೀರಕ್ಕೆ ಹೋಗಿದ್ದಾಗ ಒಂದು ಚಿಪ್ಪು ಎತ್ತಿಕೊಂಡು ಅದರೊಳಗೆ ಹುಲ್ಲಿನ ಕಡ್ಡಿ ತೂರಿಸಿ ನೋಡಿದರು. ತುದಿ ಬಳುಕಬೇಕು, ಬುಡಕ್ಕೆ ಬಂದಂತೆ ಗಟ್ಟಿಯಾಗಬೇಕು. ಹುಲ್ಲು ಹಾಗೇ ಇತ್ತು, ಸಲೀಸಾಗಿ ಹೋಯ್ತು. 1978ರ ಆಗಸ್ಟ್ 1ರಂದು ರಾಡ್ ಸಾಂಡರ್ಸ್ ಅನ್ನೋ, ಅಪಘಾತದಲ್ಲಿ ಕಿವಿ ಕಳೆದುಕೊಂಡವರಿಗೆ ಅವರು ಆಪರೇಷನ್ ಮಾಡಿದರು. ಪರೀಕ್ಷೆ ವೇಳೆ ರಾಷ್ಟ್ರಗೀತೆ ನುಡಿಸಿದಾಗ ಸಾಂಡರ್ಸ್ ಎದ್ದು ನೆಟ್ಟಗೆ ನಿಂತರಂತೆ.

ಸಾಂಡರ್ಸ್ ಮೊದಲೇ ಕೇಳಿದ್ದವರು, ಅದನ್ನು ಮರೀಬೇಡಿ. ರಾಷ್ಟ್ರಗೀತೆ ಹೇಗಿರುತ್ತೆ ಅಂತ ಅವರ ತಲೆಯಲ್ಲಿ ಆಗಲೇ ಇತ್ತು. ಎಂದೂ ಏನೂ ಕೇಳದ ಮಗುವಿನ ಕಥೆಯೇ ಬೇರೆ.

ಇಲ್ಲಿ ನಮ್ಮ ಐಟಿ ಮಂದಿಗೆ ಇಷ್ಟವಾಗೋ ಒಂದು ಸಂಗತಿ. ಆರೋಗ್ಯವಂತ ಒಳಕಿವಿಯಲ್ಲಿ ಸದ್ದು ಹಿಡಿಯೋ ಒಳಸಾಲಿನ ಕೂದಲುಕೋಶಗಳು ಸುಮಾರು 3,500. ಇಂಪ್ಲಾಂಟ್‌ನಲ್ಲಿ ಅವುಗಳ ಬದಲಿಗೆ ಇರೋದು ಕಂಪನಿ ನೋಡಿಕೊಂಡು 12ರಿಂದ 22 ಎಲೆಕ್ಟ್ರೋಡ್. ಎಲ್ಲವನ್ನೂ ಒಟ್ಟಿಗೆ ಮಿಡಿಸಿದರೆ ಒಂದರ ಕರೆಂಟ್ ಇನ್ನೊಂದಕ್ಕೆ ಬೆರೆತು ಕಲಸುಮೇಲೋಗರ ಆಗ್ತಿತ್ತು. 1991ರಲ್ಲಿ ಬ್ಲೇಕ್ ವಿಲ್ಸನ್ ಅನ್ನೋ ಎಂಜಿನಿಯರ್ ಮತ್ತು ಸಂಗಡಿಗರು, ಎಲ್ಲ ಒಟ್ಟಿಗೆ ಬೇಡ, ಒಂದಾದ ಮೇಲೊಂದು ಅತಿ ವೇಗವಾಗಿ ಮಿಡಿಯಲಿ ಅಂತ ತೋರಿಸಿದರು. ಸರದಿ ಹಂಚಿಕೆ, ಅಷ್ಟೇ. ಇವತ್ತು ಸಾಮಾನ್ಯ ಮಾತು ಇದರಲ್ಲಿ ಚೆನ್ನಾಗಿ ಅರ್ಥವಾಗೋದಕ್ಕೆ ಆ ಒಂದು ಬದಲಾವಣೆ ದೊಡ್ಡ ಕಾರಣ. ಕ್ಲಾರ್ಕ್, ಇಂಗೆಬೊರ್ಗ್ ಹೋಖ್‌ಮೈರ್, ವಿಲ್ಸನ್ ಮೂವರಿಗೂ 2013ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು.

ಇನ್ನು ಮದರಾಸು. ಇಡೀ ಮದ್ರಾಸ್ ಪ್ರಾಂತದಲ್ಲಿ, ಅಂದರೆ ನಮ್ಮ ಮಂಗಳೂರು ಬಳ್ಳಾರಿಗಳೂ ಸೇರಿದ್ದ ಪ್ರಾಂತದಲ್ಲಿ, ಕಿವುಡು ಮಕ್ಕಳ ಶಿಕ್ಷಣ ಹಳೇದು: ತಿರುನೆಲ್ವೇಲಿ ಪಕ್ಕದ ಪಾಳಯಂಕೋಟೆಯಲ್ಲಿ ಫ್ಲಾರೆನ್ಸ್ ಸ್ವೈನ್ಸನ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಶಾಲೆ ತೆರೆದಿದ್ದರು. ಮೈಸೂರಿನ ಕಿವುಡ, ಕುರುಡ ಮಕ್ಕಳ ಶಾಲೆ 1901ರದ್ದು. ಆದರೆ ಚೆನ್ನೈ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸೋದು 1969. ಆ ವರ್ಷ ಅಡ್ಯಾರಿನಲ್ಲಿ ಸರಸ್ವತಿ ನಾರಾಯಣಸ್ವಾಮಿ ಮತ್ತು ಜೊತೆಯವರು ಬಾಲ ವಿದ್ಯಾಲಯ ಶುರು ಮಾಡಿದರು. ಪುಟ್ಟ ಮಕ್ಕಳಿಗೆ ಮಾತ್ರ. ಫೀಸಿಲ್ಲ. ಮಗುವಿನ ಜೊತೆ ತಾಯಿಯೂ ಕ್ಲಾಸಿನಲ್ಲಿ ಕೂರಬೇಕು. ಮಾತು ಕಲಿತ ಮಗು ಸಾಮಾನ್ಯ ಶಾಲೆಗೆ ಹೋಗಬೇಕು, ಅದು ಗುರಿ. ಮರುವರ್ಷ ಮೈಲಾಪುರದಲ್ಲಿ ಕ್ಲಾರ್ಕ್ ಶಾಲೆ ಬಂತು. (ಮೆಲ್ಬರ್ನ್ ಕ್ಲಾರ್ಕ್‌ಗೂ ಇದಕ್ಕೂ ಸಂಬಂಧ ಇಲ್ಲ.) ಮೆಲ್ಬರ್ನ್ ಆಪರೇಷನ್ನಿಗೆ ಒಂಬತ್ತು ವರ್ಷ ಮೊದಲೇ ಈ ಊರಿನಲ್ಲಿ ತಾಯಂದಿರು ಪುಟ್ಟ ಕುರ್ಚಿಗಳ ಮೇಲೆ ಕೂತು, ಹಿಯರಿಂಗ್ ಏಡ್ ಹಾಕಿಕೊಂಡ ಮಕ್ಕಳಿಗೆ ಮಾತು ಕಲಿಸ್ತಾ ಇದ್ದರು. ಯಂತ್ರ ಬರೋ ಮುಂಚೆ ಅದನ್ನು ಬಳಸೋ ಅಭ್ಯಾಸ ಬಂದಿತ್ತು ಅಂತ ನನ್ನ ಲೆಕ್ಕ.

ಯಂತ್ರ ಬಂದದ್ದು 1990ರ ದಶಕದಲ್ಲಿ. ಡಾ. ಮೋಹನ್ ಕಾಮೇಶ್ವರನ್ ಅವರ ಮದ್ರಾಸ್ ಇಎನ್‌ಟಿ ರಿಸರ್ಚ್ ಫೌಂಡೇಷನ್ ಇಲ್ಲಿನ ದೊಡ್ಡ ಹೆಸರು; ಅವರಿಗೆ 2006ರಲ್ಲಿ ಪದ್ಮಶ್ರೀ ಬಂತು. ಆದರೂ ಅದು ದುಡ್ಡಿದ್ದವರ ಯಂತ್ರವಾಗಿಯೇ ಇತ್ತು. ಒಂದು ಕಿವಿಯ ಸಾಧನಕ್ಕೇ ಲಕ್ಷಗಟ್ಟಲೆ. ಅದು ಬದಲಾದದ್ದು ಸರ್ಕಾರಿ ವಿಮೆಯಿಂದ. 2009ರಲ್ಲಿ ಕರುಣಾನಿಧಿ ಸರ್ಕಾರ ಕಲೈಞರ್ ವಿಮೆ ಯೋಜನೆ ತಂತು, 2012ರ ಜನವರಿಯಲ್ಲಿ ಜಯಲಲಿತಾ ಸರ್ಕಾರ ಅದರ ಜಾಗಕ್ಕೆ ಮುಖ್ಯಮಂತ್ರಿ ಸಮಗ್ರ ಆರೋಗ್ಯ ವಿಮೆ ತಂತು. ಆರು ವರ್ಷದೊಳಗಿನ ಮಕ್ಕಳ ಕಾಕ್ಲಿಯರ್ ಇಂಪ್ಲಾಂಟ್ ಅದರಲ್ಲಿ ಸೇರಿತು. ಕುಟುಂಬದ ವರ್ಷದ ಆದಾಯ 72,000 ರೂಪಾಯಿ ಮೀರಿರಬಾರದು ಅಂತಿತ್ತು, ಮುಂದೆ ಅದು 1.20 ಲಕ್ಷವಾಯ್ತು. ಸಂಬಳದ ಸ್ಲಿಪ್ ಇರೋ ನಾವು ಆ ಲೆಕ್ಕಕ್ಕೆ ಬರಲ್ಲ, ಬರಲೂಬಾರದು. ಆದರೆ ಆಸ್ಪತ್ರೆ ಕಾರಿಡಾರಿನಲ್ಲಿ ನಮ್ಮ ಪಕ್ಕ ಕೂತಿರ್ತಿದ್ದವರು ಕೂಲಿ ಮಾಡೋ ಅಪ್ಪ ಅಮ್ಮಂದಿರು. ಅವರ ಮಗುವಿನ ತಲೆಯಲ್ಲೂ ನನ್ನ ಮಗಳ ತಲೆಯಲ್ಲಿರೋಂಥದೇ ಬಿಲ್ಲೆ. ಚೆನ್ನೈ ಬಗ್ಗೆ ನನಗೆ ನೂರೆಂಟು ತಕರಾರಿದೆ. ಇದೊಂದಕ್ಕೆ ಕೈ ಮುಗೀತೀನಿ.

ದಕ್ಷಿಣದಲ್ಲಿ ಹುಟ್ಟು ಕಿವುಡು ಹೆಚ್ಚು ಯಾಕೆ ಅನ್ನೋ ಪ್ರಶ್ನೆ ಬಂದಾಗ ಸೋದರಮಾವನನ್ನು, ಅತ್ತೆ ಮಗನನ್ನು ಮದುವೆ ಆಗೋ ನಮ್ಮ ಪದ್ಧತಿಯ ಮಾತು ಬರುತ್ತೆ. ಅದು ನಿಜವಾದ ಒಂದು ಕಾರಣ. ಕನೆಕ್ಸಿನ್ 26 ಅನ್ನೋ ಪ್ರೋಟೀನಿನ ವಂಶವಾಹಿಯಲ್ಲಿ ಭಾರತದಲ್ಲಿ ಹೆಚ್ಚಾಗಿ ಕಾಣೋ ಒಂದು ದೋಷ ಇದೆ. ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದರೆ ಮಗುವಿಗೆ ಕೇಳಿಸಲ್ಲ. ರಕ್ತಸಂಬಂಧದಲ್ಲಿ ಎರಡೂ ಕಡೆ ಅದೇ ದೋಷ ಇರೋ ಸಾಧ್ಯತೆ ಜಾಸ್ತಿ. ಆದರೆ ನಾನು ತಿಪಟೂರು ಕಡೆಯವನು, ನನ್ನ ಹೆಂಡತಿ ಕುಂದಾಪುರದವಳು, ಏಳು ತಲೆಮಾರಿಗೂ ನೆಂಟಸ್ತಿಕೆ ಇಲ್ಲ. ಆದರೂ ಆಯ್ತು. ಊರಲ್ಲಿ ಎಲ್ಲರೂ ಕೇಳಿದ್ದು ಮಾತ್ರ ಅವಳನ್ನೇ: ಬಸುರಿಯಲ್ಲಿ ಏನು ತಿಂದೆ, ಗ್ರಹಣ ನೋಡಿದೆಯಾ. ನನ್ನನ್ನು ಒಬ್ಬರೂ ಕೇಳಲಿಲ್ಲ.

ಆಪರೇಷನ್ ಆಗಿ ಮೂರು ವಾರಕ್ಕೆ ಸ್ವಿಚ್ ಆನ್. ಯೂಟ್ಯೂಬ್‌ನಲ್ಲಿ ನೋಡಿರ್ತೀರಿ, ಮಗು ಅಮ್ಮನ ದನಿ ಕೇಳಿ ನಗುತ್ತೆ, ಎಲ್ಲರೂ ಅಳ್ತಾರೆ. ನಮ್ಮವಳು ಹೆದರಿ ಚೀರಿ ಬಿಲ್ಲೆ ಕಿತ್ತು ಎಸೆದಳು. ಮೊದಲ ಸಲ ಸದ್ದು ಬಂದ ತಲೆಗೆ ಅದು ಸದ್ದು ಅಂತ ಹೇಗೆ ಗೊತ್ತಾಗಬೇಕು? ಆಮೇಲೆ ಮ್ಯಾಪಿಂಗ್. ಒಂದೊಂದು ಎಲೆಕ್ಟ್ರೋಡಿಗೂ ಎಷ್ಟು ಕರೆಂಟಿಗೆ ಕೇಳಿಸಲು ಶುರುವಾಗುತ್ತೆ, ಎಷ್ಟಕ್ಕೆ ಸಾಕು ಅನ್ನಿಸುತ್ತೆ ಅಂತ ಗುರುತು ಮಾಡೋದು. ಮಾತು ಬಾರದ ಮಗುವಿನ ಹತ್ತಿರ ಇದನ್ನು ತಿಳಿಯೋದು ಅಂದರೆ, ದಾಖಲೆಯೇ ಇಲ್ಲದ ಹಳೇ ಸಿಸ್ಟಮ್ಮನ್ನು ಲಾಗ್ ನೋಡಿ ಟ್ಯೂನ್ ಮಾಡಿದ ಹಾಗೆ. ಕಣ್ಣು ಮಿಟುಕಿಸಿತಾ, ಆಟ ನಿಲ್ಲಿಸಿತಾ, ಅಷ್ಟೇ ಸುಳಿವು.

ಬೆಳಗ್ಗೆ ಎದ್ದ ಕೂಡಲೇ ಬಾಯಿ ಮುಚ್ಚಿಕೊಂಡು ಆರು ಸದ್ದು ಹೇಳಬೇಕು: ಆ, ಊ, ಈ, ಶ್, ಸ್, ಮ್. ಡೇನಿಯಲ್ ಲಿಂಗ್ ಅನ್ನೋರು ರೂಢಿಗೆ ತಂದ ಪರೀಕ್ಷೆ. ತಗ್ಗಿನ ಸದ್ದಿನಿಂದ ಎತ್ತರದ ಸದ್ದಿನವರೆಗೆ ಮಾತಿನ ಹರವೆಲ್ಲ ಈ ಆರರಲ್ಲಿದೆ. 'ಸ್' ಬರಲಿಲ್ಲ ಅಂದರೆ ಮೈಕ್ ಕೊಳೆಯಾಗಿದೆ ಅಥವಾ ಮ್ಯಾಪ್ ಹಳೇದಾಗಿದೆ. ಚೆನ್ನೈನಲ್ಲಿ ಮೂರನೇದೂ ಒಂದಿದೆ: ಬೆವರು. ಮೇ ತಿಂಗಳಲ್ಲಿ ಪ್ರೊಸೆಸರ್ ನೆನೆದು ಕೂರುತ್ತೆ. ರಾತ್ರಿಯೆಲ್ಲ ತೇವ ಹೀರೋ ಡಬ್ಬಿಯಲ್ಲಿ ಅದನ್ನು ಮಲಗಿಸಬೇಕು. ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಭರಣಿಗಿಂತ ಜೋಪಾನದ ಡಬ್ಬಿ ಅದು.

ಈಗ ನಾನು ಹೇಳಬೇಕು ಅಂತ ಬಂದ ವಿಷಯಕ್ಕೆ ಬರ್ತೀನಿ. ನಾವು ಮೊದಲು ಹೋದ ಒಬ್ಬ ಥೆರಪಿಸ್ಟ್, ಒಳ್ಳೇ ಮನಸ್ಸಿನವರೇ, ಹೇಳಿದರು: "ಮನೇಲಿ ಕನ್ನಡ ನಿಲ್ಲಿಸಿ. ಒಂದೇ ಭಾಷೆ ಸಾಕು. ಶಾಲೆ ಇಂಗ್ಲಿಷ್, ಹಾಗಾಗಿ ಇಂಗ್ಲಿಷ್." ಕಿವಿ ಕಷ್ಟದಲ್ಲಿದೆ, ಎರಡು ಮೂರು ಭಾಷೆಯ ಹೊರೆ ಯಾಕೆ ಅನ್ನೋದು ಅವರ ವಾದ. ನಾವು ಎಂಜಿನಿಯರುಗಳು, ಡಾಕ್ಯುಮೆಂಟಲ್ಲಿ ಇದ್ದದ್ದನ್ನು ಮಾಡೋರು. ಐದು ತಿಂಗಳು ಮನೆಯಲ್ಲಿ ಇಂಗ್ಲಿಷ್ ಮಾತಾಡಿದೆವು. ನನ್ನ ಹೆಂಡತಿಗೆ ಇಂಗ್ಲಿಷಿನಲ್ಲಿ ಸ್ಟೇಟಸ್ ಕಾಲ್ ನಡೆಸೋಕೆ ಬರುತ್ತೆ. ಮಗುವನ್ನು ರಮಿಸೋಕೆ ಬರಲ್ಲ. ಅವಳ ಮಾತು ದಿನೇ ದಿನೇ ಕಡಿಮೆಯಾಯ್ತು. ಮಾತು ಬೇಕಿದ್ದ ಮಗುವಿನ ಎದುರು ಅಮ್ಮನೇ ಮೂಕಿಯಾದಳು.

ಈ ಸಲಹೆ ಎಲ್ಲಿಂದ ಬಂತು? 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡು ಮಕ್ಕಳ ಶಿಕ್ಷಕರ ಸಮ್ಮೇಳನ ನಡೀತು. ಸನ್ನೆ ಬೇಡ, ಬಾಯಿಮಾತೇ ಶ್ರೇಷ್ಠ ಅಂತ ನಿರ್ಣಯ ಮಾಡಿದರು. ಅಲ್ಲಿ ವೋಟು ಹಾಕಿದವರು ಹೆಚ್ಚುಕಮ್ಮಿ ಎಲ್ಲರೂ ಕಿವಿ ಕೇಳೋರು. ಆಗ ಯಂತ್ರ ಇರಲಿಲ್ಲ, ಮಗು ತುಟಿ ನೋಡಿ ಕಲೀಬೇಕು, ಒಂದು ಭಾಷೆಯೇ ಹೆಣಗಾಟ. ಆ ಕಾಲಕ್ಕೆ ಎರಡನೇ ಭಾಷೆ ಬೇಡ ಅನ್ನೋದಕ್ಕೆ ಅರ್ಥವಿತ್ತೇನೋ. ಯಂತ್ರ ಬದಲಾದರೂ ಸಲಹೆ ಬದಲಾಗಲಿಲ್ಲ. ಅದು ಪಾಶ್ಚಾತ್ಯ ಕ್ಲಿನಿಕ್ಕುಗಳಲ್ಲಿ ಬೆಳೆದು, ಪಠ್ಯಪುಸ್ತಕ ಹತ್ತಿ ನಮ್ಮಲ್ಲಿಗೆ ಬಂತು. 2004ರಲ್ಲಿ ರಾಬಿನ್ಸ್, ಗ್ರೀನ್, ವಾಲ್ಟ್ಸ್‌ಮನ್ ಅನ್ನೋ ಅಮೆರಿಕದ ಸಂಶೋಧಕರು ಇಂಪ್ಲಾಂಟ್ ಹಾಕಿಸಿಕೊಂಡ ಒಂದಷ್ಟು ಮಕ್ಕಳನ್ನು ನೋಡಿ, ಮನೆಯಲ್ಲಿ ಬೇರೆ ಭಾಷೆ ಇದ್ದರೂ ಎರಡನ್ನೂ ಕಲೀಬಲ್ಲರು ಅಂತ ಬರೆದರು. ಆಮೇಲೆ ಇಂಥ ಬರಹ ಹೆಚ್ಚಾದವು. ನಮಗೆ ಸಲಹೆ ಸಿಕ್ಕಿದ್ದು 2019ರಲ್ಲಿ. ಹದಿನೈದು ವರ್ಷದ ಲೇಟೆನ್ಸಿ.

ನಮ್ಮನ್ನು ಕಾಪಾಡಿದ್ದು ಸಂಶೋಧನೆ ಅಲ್ಲ, ಲಾಕ್‌ಡೌನ್. 2020ರ ಯುಗಾದಿ ಮಾರ್ಚ್ 25ಕ್ಕೆ ಬಂದಿತ್ತು. ಹಬ್ಬಕ್ಕೆ ಅಂತ ನಮ್ಮಮ್ಮ ನಾಲ್ಕು ದಿನ ಮುಂಚೆ ತಿಪಟೂರಿನಿಂದ ಬಂದರು. ಹಬ್ಬದ ದಿನ ದೇಶವೇ ಮುಚ್ಚಿತು. ಥೆರಪಿ ಸೆಂಟರ್ ಬಂದ್. ಹೊರಗೆ ಎಲ್ಲರ ಬಾಯಿಗೂ ಮಾಸ್ಕ್, ತುಟಿ ಕಾಣಲ್ಲ. ನಾವಿಬ್ಬರೂ ಎರಡು ರೂಮಿನಲ್ಲಿ ಬಾಗಿಲು ಹಾಕಿಕೊಂಡು ಆಫೀಸ್. ಮಗು ಇಡೀ ದಿನ ಅಜ್ಜಿ ಹತ್ತಿರ. ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಬಾರದು, ಮತ್ತೆ ಸುಮ್ಮನಿರೋಕೂ ಬಾರದು. ಅವರೆಕಾಳು ಸುಲಿಯುವಾಗ ಅವರೆಕಾಳಿಗೂ ಮಾತಾಡಿಸೋ ಹೆಂಗಸು. "ಇದೇನಮ್ಮಿ, ಇದು ಕೋಸು. ಕೋಸು ನೋಡು, ದುಂಡಗಿದೆ. ಕೊಯ್ಯೋಣ್ವಾ? ಅಯ್ಯೋ ಹುಳ!" ಹೀಗೆ ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತು. ಬಾಲ ವಿದ್ಯಾಲಯದ ಟೀಚರುಗಳು 1969ರಿಂದ ತಾಯಂದಿರಿಗೆ ಹೇಳಿಕೊಡ್ತಿದ್ದದ್ದು ಸರಿಸುಮಾರು ಇದನ್ನೇ. ನಮ್ಮಮ್ಮನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಜೂನ್ ಹೊತ್ತಿಗೆ ಮಗಳು ಅಡುಗೆಮನೆಗೆ ಬಂದು ಲೋಟ ತೋರಿಸಿ "ಪಾ" ಅಂದಳು. ಅವಳಿಗೆ ತಮಿಳು ಥೆರಪಿಸ್ಟ್ ಮೊದಲು ಹೇಳಿಕೊಟ್ಟಿದ್ದು 'ಪಾಲ್', ಆವಿನ್ ಪ್ಯಾಕೆಟ್ ತೋರಿಸಿ. ನಾನು ಹೇಳೋದು 'ಹಾಲು'. ಅಮ್ಮ ನಮ್ಮ ಹಳ್ಳಿ ರೂಢಿಯಂತೆ ಹಕಾರ ನುಂಗಿ 'ಆಲು' ಅನ್ನೋದು. ನೀವೇ ನೋಡಿ, ಇದು ಈ ಚಾನೆಲ್ಲಿನ ವಿಷಯವೇ ಆಗಿಹೋಯ್ತು. ಹಳಗನ್ನಡದಲ್ಲಿ ನಾವೂ ಪಾಲ್ ಅಂತಲೇ ಅಂತಿದ್ದೆವು. ಪೂ, ಪಲ್, ಪುಲಿ. ಹಲ್ಮಿಡಿ ಶಾಸನದಲ್ಲಿ ಆ ಊರಿನ ಹೆಸರೇ ಪಕಾರದಿಂದ ಶುರುವಾಗುತ್ತೆ. ಹತ್ತನೇ ಶತಮಾನದಿಂದ ಈಚೆಗೆ ಮೆಲ್ಲಗೆ ಪ ಹೋಗಿ ಹ ಬಂತು: ಹೂವು, ಹಲ್ಲು, ಹುಲಿ. ಕೆಲವು ಕಡೆ ಆಡುಮಾತಿನಲ್ಲಿ ಆ ಹ ಕೂಡ ಉದುರಿತು. ತಮಿಳು ಮಾತ್ರ ಪಾಲ್ ಹತ್ತಿರವೇ ನಿಂತಿತು. ಸಾವಿರ ವರ್ಷದ ಆ ಮೂರು ಹಂತ ಮೇಡವಾಕ್ಕಂನ ಒಂದು ಅಡುಗೆಮನೆಯಲ್ಲಿ ಒಂದೇ ಲೋಟಕ್ಕೆ ಅಂಟಿಕೊಂಡಿದ್ದವು.

ಇಂಪ್ಲಾಂಟ್ ಮಗುವಿಗೆ ಪ ಸುಲಭ. ತುಟಿ ಮುಚ್ಚಿ ತೆರೆಯೋದು ಕಾಣುತ್ತೆ. ಹ ಅಂದರೆ ಬರೀ ಉಸಿರು, ಕಾಣಲ್ಲ, ಸದ್ದೂ ತೆಳು. ಬಟ್ಟೆ, ಪಟ್ಟೆ ಇನ್ನೊಂದು ತೊಡಕು. ತುಟಿ ಎರಡಕ್ಕೂ ಒಂದೇ ಥರ, ವ್ಯತ್ಯಾಸ ಗಂಟಲಲ್ಲಿ. ಇದಕ್ಕೆಲ್ಲ ಕನ್ನಡದಲ್ಲೇ ಪರೀಕ್ಷೆ ಬೇಕು. ಅದಕ್ಕೆ ಮೈಸೂರಿಗೆ ಹೋಗಬೇಕು: 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. 2005ರಲ್ಲಿ ಅಲ್ಲಿ ಯತಿರಾಜ್ ಮತ್ತು ವಿಜಯಲಕ್ಷ್ಮಿ ಕನ್ನಡ ಧ್ವನಿಗಳು ಆಡುಮಾತಲ್ಲಿ ಬರೋ ಪ್ರಮಾಣಕ್ಕೆ ತಕ್ಕಂತೆ ಪದಪಟ್ಟಿ ಮಾಡಿದರು. ಸದ್ದಿಲ್ಲದ ಕೆಲಸ, ಯಾರೂ ಹಾರ ಹಾಕಲ್ಲ. ಆದರೆ ಒಂದು ಮಗುವಿಗೆ ಯಾವ ಭಾಷೆಯಲ್ಲಿ ಎಷ್ಟು ಕೇಳ್ತಿದೆ ಅಂತ ಅಳೆಯೋ ಮಾಪು ಇಲ್ಲದಿದ್ದರೆ ಆ ಭಾಷೆಯನ್ನೇ ಬಿಡಿ ಅನ್ನೋದು ಸುಲಭ. ಒಂದೇ ಭಾಷೆಯ ಸಲಹೆಯ ಹಿಂದೆ ಇದೂ ಇದೆ ಅಂತ ನನ್ನ ಗುಮಾನಿ.

ಇಷ್ಟು ಹೇಳಿ ಯಂತ್ರದ ಭಜನೆ ಮಾಡಿದ ಹಾಗೆ ಆಗಬಾರದು. 2023ರ ಡಿಸೆಂಬರ್ 4, ಮಿಚಾಂಗ್ ಚಂಡಮಾರುತ. ಪಳ್ಳಿಕರಣೆ ಕಡೆ ನೀರು, ನಮಗೆ ಎರಡೂವರೆ ದಿನ ಕರೆಂಟಿಲ್ಲ. ಪ್ರೊಸೆಸರಿನ ಚಾರ್ಜ್ ಬ್ಯಾಟರಿ ಮೊದಲ ರಾತ್ರಿಗೇ ಮುಗೀತು. ಒಂದು ಸಲ ಬಳಸಿ ಬಿಸಾಡೋ ಬ್ಯಾಟರಿ ಒಂದೇ ಜೊತೆ ಉಳಿದಿತ್ತು. ಕೇಳೋದಕ್ಕೆ ರೇಷನ್ ಹಾಕಿದೆವು: ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ. ಉಳಿದ ಹೊತ್ತು ಅವಳು ಕಿವುಡು ಮಗು, ನಾವು ಅವಳ ಭಾಷೆ ಬಾರದ ಅಪ್ಪ ಅಮ್ಮ. ಕತ್ತಲಲ್ಲಿ ಮೇಣದಬತ್ತಿ ಹಿಡಿದು ಏನು ಹೇಳೋಕೂ ನಮ್ಮ ಕೈಗೆ ಒಂದು ಸನ್ನೆ ಗೊತ್ತಿರಲಿಲ್ಲ.

1991ರಲ್ಲಿ ಅಮೆರಿಕದ ಕಿವುಡರ ರಾಷ್ಟ್ರೀಯ ಸಂಘ ಮಕ್ಕಳಿಗೆ ಇಂಪ್ಲಾಂಟ್ ಹಾಕೋದನ್ನು ಕಟುವಾಗಿ ವಿರೋಧಿಸಿತ್ತು. ನಾವೇನು ರೋಗಿಗಳಲ್ಲ, ನಮಗೆ ಭಾಷೆ ಇದೆ ಅಂತ. 2000ದಲ್ಲಿ ನಿಲುವು ಸಡಿಲಿಸಿದರು. ಮೊದಲು ಓದಿದಾಗ ನನಗೆ ಸಿಟ್ಟು ಬಂದಿತ್ತು. ಚಂಡಮಾರುತದ ಆಮೇಲೆ ಅರ್ಧ ಒಪ್ಪಿದೆ. ಭಾರತೀಯ ಸನ್ನೆ ಭಾಷೆಗೆ ಕೇಂದ್ರ ಸರ್ಕಾರದ ಸಂಸ್ಥೆ ದೆಹಲಿಯಲ್ಲಿ 2015ರಲ್ಲಿ ಬಂತು. ಅದರ ನಿಘಂಟು ಈಗ ಆನ್‌ಲೈನ್ ಇದೆ. ಭಾನುವಾರ ಸಂಜೆ ನಾವು ಮೂವರೂ ಅದನ್ನು ನೋಡಿ ಕಲೀತಿದ್ದೀವಿ. ಅವಳೇ ಮುಂದೆ, ನಾನು ಎಲ್ಲರಿಗಿಂತ ಹಿಂದೆ.

ಮಾರ್ಗಳಿ ಕಚೇರಿಗಳಿಗೆ ಅವಳನ್ನು ಕರೆದುಕೊಂಡು ಹೋಗೋದನ್ನು ಬಿಟ್ಟೆವು. ಇಪ್ಪತ್ತು ಚಿಲ್ಲರೆ ಎಲೆಕ್ಟ್ರೋಡಿನಲ್ಲಿ ರಾಗದ ಗಮಕ ಹಿಡಿಯಲ್ಲ, ಅವಳಿಗೆ ಅದು ಗದ್ದಲ. ತಾಳ ಮಾತ್ರ ಸ್ಪಷ್ಟ. ಹಾಗಾಗಿ ಮೃದಂಗಕ್ಕೆ ಹಾಕಿದ್ದೀವಿ. ಮೇಷ್ಟ್ರು ತಮಿಳಿನಲ್ಲಿ ಬೈತಾರೆ, ಇವಳು ತಮಿಳಿನಲ್ಲೇ ವಾದಿಸ್ತಾಳೆ.

ಹೋದ ತಿಂಗಳು ಮ್ಯಾಪಿಂಗ್‌ಗೆ ಅಮ್ಮನೂ ಬಂದಿದ್ದರು. ಮೈಸೂರಿನಲ್ಲಿ ಓದಿದ ಆಡಿಯಾಲಜಿಸ್ಟ್ ಬಾಯಿ ಮುಚ್ಚಿಕೊಂಡು ಕನ್ನಡ ಪದ ಹೇಳ್ತಿದ್ದರು, ಮಗಳು ಹಿಂದಿರುಗಿ ಹೇಳಬೇಕು. ಮಧ್ಯೆ ಅಮ್ಮ ಉತ್ಸಾಹ ತಡೀಲಾರದೆ, "ನಾನೊಂದು ಹೇಳ್ಲಾ?" ಅಂತ ಸೆರಗು ಬಾಯಿಗೆ ಅಡ್ಡ ಹಿಡಿದು "ಆಲು" ಅಂದರು.

"ಅಜ್ಜಿ, ಆಲು ಅಲ್ಲ. ಹಾಲು. ಹ."

"ಅದ್ನೇ ಕಣಮ್ಮಿ ನಾನಂದಿದ್ದು, ಆಲು."

ಮುಂದಿನ ವಿಡಿಯೋದಲ್ಲಿ ಮತ್ತೆ ಶಾಸನಕ್ಕೆ ಬರ್ತೀನಿ.